ಆಕಾಶಾನುಗಾಮಿ ಯಂತ್ರಗಳೂ ವಿಜಾಪುರ ಸೀಮೆಯೂ

ರಾತ್ರಿಯ ಆಕಾಶವು ಬರಿಗಣ್ಣಿಗೆ ನಿಶ್ಚಲವಾಗಿ ತೋರುವದು. ಕಾರ್ತಿಕ ಮಾಸದಲ್ಲಿ ಸಂಜೆಗೆ ಮೂಡಣದಲ್ಲಿದ್ದ ಕೃತ್ತಿಕೆಯು ನಡುರಾತ್ರಿಗೆ ನೆತ್ತಿಯ ಮೇಲೆ ಬಂದುದನ್ನು ನೋಡಿ ಹೊತ್ತನ್ನು ಅಳೆಯುವ ಒಕ್ಕಲಿಗನು ಕೂಡ ಆ ಚಲನವನ್ನು ಗಳಿಗೆಗಳ ಲೆಕ್ಕದಿಂದ ಅರಿಯುವನಲ್ಲದೆ ಕಣ್ಣೆದುರಿನಲ್ಲಿ ಕಾಣುವದಿಲ್ಲ. ಆದರೆ ಅದೇ ಆಕಾಶಕ್ಕೆ ದುರ್ಬೀನನ್ನು ಹಿಡಿದೊಡನೆ ಸ್ಥಿತಿಯು ಬೇರೆಯಾಗುವದು. ಕನ್ನಡಿಯನ್ನು ತಾನೇ ತಿಕ್ಕಿ, ನಳಿಗೆಯನ್ನು ತಾನೇ ಜೋಡಿಸಿ, ಕಟ್ಟಿಗೆಯ ಪೀಠದ ಮೇಲೆ ನಿಲ್ಲಿಸಿ, ಗುರುಗ್ರಹದತ್ತ ತಿರುಗಿಸಿದವನಿಗೆ ಮೊದಲು ಎದುರಾಗುವ ತೊಂದರೆಯು ಬೆಳಕಿನ ಕೊರತೆಯಲ್ಲ. ಗ್ರಹವು ಕಣ್ಣಿನ ಮುಂದೆ ನಿಲ್ಲದೆ ಜಾರಿಹೋಗುವದೇ ಆ ತೊಂದರೆ. ಚಂದ್ರಬಿಂಬದಷ್ಟು, ಎಂದರೆ ಸುಮಾರು ಅರ್ಧ ಅಂಶದಷ್ಟು ಆಕಾಶವನ್ನು ತೋರುವ ದುರ್ಬೀನಿನಲ್ಲಿ ವಿಷುವದ್ವೃತ್ತದ ಮೇಲಿನ ನಕ್ಷತ್ರವು ಒಂದಂಚಿನಿಂದ ಇನ್ನೊಂದಂಚಿಗೆ ಎರಡೇ ಮಿನಿಟುಗಳಲ್ಲಿ ಹಾದುಹೋಗುವದು. ಯಂತ್ರವು ಎಷ್ಟು ದೊಡ್ಡದಾಗಿ ತೋರಿಸುವದೋ ಅಷ್ಟೇ ಬೇಗನೆ ವಸ್ತುವು ಕಣ್ಮರೆಯಾಗುವದು.

ಈ ತೊಂದರೆಯನ್ನು ಮನುಷ್ಯನು ಹೇಗೆ ಪರಿಹರಿಸಿಕೊಂಡನೆಂಬುದು ಸಣ್ಣ ವಿಷಯವೆಂದು ತೋರಬಹುದು. ಆದರೆ ಸೂರ್ಯನಲ್ಲಿ ಏನಿದೆಯೆಂಬ ಪ್ರಶ್ನೆಗೆ ಉತ್ತರವು ದೊರೆತುದು ಬಹುಮಟ್ಟಿಗೆ ಈ ಪರಿಹಾರದ ಬಲದಿಂದಲೇ. ಆ ಕಥೆಯ ಒಂದು ಮುಖ್ಯ ಪ್ರಕರಣವು ವಿಜಾಪುರ ಸೀಮೆಯಲ್ಲಿಯೇ ನಡೆದುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಮನೆಗಳಲ್ಲಿ ಇದು ಅಷ್ಟಾಗಿ ಕೇಳಿಬರುವ ಸಂಗತಿಯಲ್ಲವಾದುದರಿಂದ ಅದನ್ನು ಮೊದಲಿನಿಂದ ಹೇಳುವದು ಯೋಗ್ಯವಾಗಿದೆ.

ಆಕಾಶದ ವೇಗವನ್ನು ನಮ್ಮ ಪ್ರಾಚೀನ ಜ್ಯೋತಿಷಿಗಳು ಬಹು ಸೊಗಸಾದ ರೀತಿಯಿಂದ ಅಳೆದಿಟ್ಟಿದ್ದಾರೆ. ನಕ್ಷತ್ರಗಳು ಒಂದು ಸುತ್ತನ್ನು ಮುಗಿಸುವ ಕಾಲಕ್ಕೆ ನಾಕ್ಷತ್ರ ಅಹೋರಾತ್ರಿಯೆಂದು ಹೆಸರು. ಇದು ಇಂದಿನ ಗಡಿಯಾರದಂತೆ 23 ತಾಸು 56 ಮಿನಿಟು 4 ಸೆಕೆಂಡು. ಇದಕ್ಕೆ 60 ಗಳಿಗೆ; ಒಂದು ಗಳಿಗೆಗೆ 60 ವಿಗಳಿಗೆ; ಒಂದು ವಿಗಳಿಗೆಗೆ 6 ಪ್ರಾಣ. ಹೀಗೆ ಒಂದು ಅಹೋರಾತ್ರಿಗೆ 21,600 ಪ್ರಾಣಗಳಾದವು. ಇತ್ತ ವೃತ್ತಕ್ಕೆ 360 ಅಂಶ, ಒಂದು ಅಂಶಕ್ಕೆ 60 ಕಲೆ; ಒಟ್ಟು 21,600 ಕಲೆಗಳು. ಆದುದರಿಂದ ಒಂದು ಪ್ರಾಣಕಾಲದಲ್ಲಿ ಆಕಾಶವು ಸರಿಯಾಗಿ ಒಂದು ಕಲೆಯಷ್ಟು ಸರಿಯುವದು. ಪ್ರಾಣವೆಂದರೆ ನಿರೋಗಿಯಾದ ಮನುಷ್ಯನು ಒಮ್ಮೆ ಉಸಿರಾಡುವ ಕಾಲ. ಸುಮಾರು 4 ಸೆಕೆಂಡು. ಕ್ರಿ. ಶ. 476ರಲ್ಲಿ ಜನಿಸಿದ ಆರ್ಯಭಟನು ಇನ್ನೂ ಮುಂದೆ ಹೋಗಿ, ಹೀಗೆ ಪ್ರಾಣಕ್ಕೊಂದು ಕಲೆ ತಿರುಗುವದು ಭೂಮಿಯೇ ಎಂದು ಹೇಳಿದನು. ತಿರುಗುವದು ಯಾವದೇ ಆಗಲಿ, ನೋಡುವವನು ಒಂದು ಉಸಿರು ಬಿಡುವಷ್ಟರಲ್ಲಿ ನೋಡಬೇಕಾದುದು ಒಂದು ಕಲೆ ದೂರ ಹೋಗಿರುವದು. ಈ ಲೆಕ್ಕವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಕೆಲಸವಿದೆ.

ಈ ಜಾರುವಿಕೆಯನ್ನು ಹಿಂಬಾಲಿಸಲು ಪೀಠವು ಹೇಗಿರಬೇಕು? ಸಾಮಾನ್ಯವಾದ ಪೀಠಕ್ಕೆ ಎರಡು ಚಲನಗಳಿರುವವು: ಒಂದು ಎಡಬಲಕ್ಕೆ, ಇನ್ನೊಂದು ಮೇಲೆಕೆಳಗೆ. ತೋಪಿನ ಗಾಡಿಯನ್ನು ಗುರಿಯಿಡುವ ರೀತಿಯೂ ಇದೇ. ಆದರೆ ನಕ್ಷತ್ರದ ದಾರಿಯು ಆಕಾಶದಲ್ಲಿ ಓರೆಯಾಗಿರುವದರಿಂದ ಎರಡೂ ಚಲನಗಳನ್ನು ಏಕಕಾಲಕ್ಕೆ, ಅದೂ ಕ್ಷಣಕ್ಷಣಕ್ಕೆ ಬದಲಾಗುವ ವೇಗದಿಂದ, ನಡೆಸಬೇಕಾಗುವದು. ಇದಕ್ಕೆ ಬದಲಾಗಿ ನೆಟ್ಟಗೆ ನಿಂತ ಅಚ್ಚನ್ನು ಬಾಗಿಸಿ ಅದರ ತುದಿಯು ಧ್ರುವಬಿಂದುವನ್ನು ನೋಡುವಂತೆ ನಿಲ್ಲಿಸಿದರೆ ಎಲ್ಲವೂ ಸುಲಭವಾಗುವದು. ಆಕಾಶವು ಯಾವ ಅಕ್ಷದ ಸುತ್ತಲೂ ತಿರುಗುವದೋ ಯಂತ್ರವೂ ಅದೇ ಅಕ್ಷದ ಸುತ್ತಲೂ ತಿರುಗುವದು. ಒಂದೇ ಚಲನ, ಒಂದೇ ವೇಗ. ಇಂಥ ಪೀಠಕ್ಕೆ ಧ್ರುವಾಕ್ಷಪೀಠವೆನ್ನಬಹುದು. ಧ್ರುವವು ದಿಗಂತದಿಂದ ಎಷ್ಟು ಎತ್ತರದಲ್ಲಿದೆಯೋ ಅದೇ ಆ ಊರಿನ ಅಕ್ಷಾಂಶವಾದುದರಿಂದ, ಅಚ್ಚಿನ ಓಟವು ಆಯಾ ಊರಿನ ಅಕ್ಷಾಂಶಕ್ಕೆ ಸರಿಯಾಗಿರಬೇಕು. ಒಂದೂರಿಗೆ ಸರಿಯಾದುದು ಇನ್ನೊಂದೂರಿಗೆ ಸರಿಯಾಗಲಾರದು.

ಗ್ರಹಣದ ಕಾಲವನ್ನು ಲೆಕ್ಕದಿಂದ ತಿಳಿಯುವದು ಈ ನಾಡಿಗೆ ಹೊಸದಲ್ಲ. ಇಂಡಿ ತಾಲೂಕಿನ ಸಾಲೋಟಗಿಯ ಶಿಲಾಸ್ತಂಭದ ಶಾಸನವು ಶಕ 867ರ ಭಾದ್ರಪದ ಅಮಾವಾಸ್ಯೆ ಮಂಗಳವಾರದಂದು, ಸೂರ್ಯಗ್ರಹಣಕಾಲದಲ್ಲಿ, ಕೊಟ್ಟ ದಾನವನ್ನು ಹೇಳುವದು. ಅದು ಕ್ರಿ. ಶ. 945ನೆಯ ಸಪ್ಟೆಂಬರ 9. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದ್ದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ಮನೆಗಳೂ, ಶಾಲೆಯ ನಡೆವಳಿಗಾಗಿ 500 ನಿವರ್ತನ ಭೂಮಿಯೂ, ದೀಪಕ್ಕೆಂದು 12 ನಿವರ್ತನ ಭೂಮಿಯೂ ದೊರೆತವು. ಅಷ್ಟೇ ಅಲ್ಲ, ಊರಿನ ಬ್ರಾಹ್ಮಣರು ಮದುವೆ, ಮುಂಜಿವೆ, ಚೌಲಗಳ ಪ್ರಸಂಗದಲ್ಲಿ ಶಾಲೆಗೆ ಇಂತಿಷ್ಟು ಹಣವನ್ನು ಕೊಡಬೇಕೆಂದು ಕಟ್ಟಳೆಯಾಯಿತು. ಇಂಥ ದಾನಕ್ಕೆ ಗ್ರಹಣಕಾಲವು ಪುಣ್ಯಕಾಲವೆಂದು ಎಣಿಕೆ. ಆದುದರಿಂದ ಆ ಕಾಲವು ಯಾವಾಗ ಬರುವದೆಂದು ಮುಂಚಿತವಾಗಿ ಗಣಿಸಬಲ್ಲವರೂ ಇರಲೇಬೇಕಾಗಿದ್ದಿತು. ಗಣಿತವು ಗ್ರಹಣವು ಯಾವಾಗ ಹಿಡಿಯುವದೆಂಬುದನ್ನು ಹೇಳಿತು. ಹಿಡಿದಾಗ ಸೂರ್ಯನ ಅಂಚಿನಲ್ಲಿ ಕಾಣುವದೇನು ಎಂಬ ಪ್ರಶ್ನೆಗೆ ಉತ್ತರವನ್ನು ಕೊಡಲು ಯಂತ್ರಗಳು ಹುಟ್ಟಬೇಕಾಗಿದ್ದವು.

ಯಂತ್ರಗಳ ವಿಚಾರಕ್ಕೆ ಬಂದರೆ ಭಾಸ್ಕರಾಚಾರ್ಯನ ಹೆಸರನ್ನು ಬಿಡುವಂತಿಲ್ಲ. ಈತನು ಶಕ 1036ರಲ್ಲಿ, ಎಂದರೆ ಕ್ರಿ. ಶ. 1114ರಲ್ಲಿ ಜನಿಸಿದವನು, 36ನೆಯ ವಯಸ್ಸಿನಲ್ಲಿ ಸಿದ್ಧಾಂತಶಿರೋಮಣಿಯನ್ನು ಬರೆದನು. ತನ್ನ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡವೆಂದು ಆತನೇ ಹೇಳಿರುವನು. ಅದು ವಿಜಾಪುರವೇ ಎಂದು ಈ ಭಾಗದವರು ಅಭಿಮಾನದಿಂದ ಹೇಳುತ್ತ ಬಂದಿದ್ದಾರೆ. ಆತನ ಮೊಮ್ಮಗನಾದ ಚಂಗದೇವನ 1207ರ ಶಾಸನವು ಖಾನದೇಶದ ಪಾಟಣದಲ್ಲಿ ದೊರೆತಿರುವದರಿಂದ ಆ ಕಡೆಯ ಊರೆಂದು ಹೇಳುವ ವಿದ್ವಾಂಸರೂ ಇದ್ದಾರೆ. ಊರು ಯಾವದೇ ಇರಲಿ, ಗ್ರಂಥವಂತೂ ಈ ನಾಡಿನ ಪಂಚಾಂಗಕರ್ತರ ಮನೆಮನೆಗಳಲ್ಲಿ ಓದಿಗೆ ಬಂದುದಾಗಿದೆ. ಅದರ ಗೋಲಾಧ್ಯಾಯದಲ್ಲಿ ಗೋಲವನ್ನು ಕಟ್ಟುವ ವಿಧಾನವೂ, ಮುಂದೆ ಯಂತ್ರಾಧ್ಯಾಯವೂ ಇರುವವು.

ಭಾಸ್ಕರನ ಗೋಲವು ಬಂಗಾರದ್ದಲ್ಲ, ಹಿತ್ತಾಳೆಯದಲ್ಲ; ನೆಟ್ಟಗಾದ, ನುಣುಪಾದ ಬಿದಿರಿನ ಸಲಾಕೆಗಳಿಂದ ಕಟ್ಟಿದುದು. ನಡುವೆ ಧ್ರುವಯಷ್ಟಿಯೆಂಬ ಕೋಲು. ಅದು ಧ್ರುವನ ಕಡೆಗೆ ಬಾಗಿರುವದು. ಅದರ ಸುತ್ತಲೂ ನಕ್ಷತ್ರಗೋಲವು ತಿರುಗುವದು. ಹೊರಗಿನ ಖಗೋಲವು ನೋಡುವವನ ದಿಗಂತಕ್ಕೆ ತಕ್ಕಂತೆ ನಿಂತಿರುವದು. ನಾಡೀವಲಯವೆಂಬ ಇನ್ನೊಂದು ಯಂತ್ರವು ಗಳಿಗೆಗಳನ್ನು ಗುರುತಿಸಿದ ಕಟ್ಟಿಗೆಯ ಚಕ್ರವು. ಅದರ ಅಚ್ಚು ಧ್ರುವಾಭಿಮುಖವಾಗಿದ್ದು ಚಕ್ರವು ವಿಷುವದ್ವೃತ್ತಕ್ಕೆ ಸಮಾನವಾಗಿ ನಿಲ್ಲುವದರಿಂದ ಅಚ್ಚಿನ ನೆರಳು ಸಮವಾದ ವೇಗದಿಂದ ಗಳಿಗೆಗಳನ್ನು ದಾಟುವದು. ಇಲ್ಲಿ ದುರ್ಬೀನಿಲ್ಲ, ಗಾಜಿಲ್ಲ. ಆದರೆ ಧ್ರುವಾಕ್ಷಪೀಠದ ತತ್ವವೆಲ್ಲವೂ ಇದೆ. ಬಿದಿರು, ಕಟ್ಟಿಗೆ, ದಾರ ಇಷ್ಟರಿಂದ ಮನೆಯಲ್ಲಿ ಮಾಡಬಹುದಾದ ಸಾಧನದಿಂದಲೇ ಆಕಾಶದ ಒಂದೇ ಚಲನವನ್ನು ಒಂದೇ ಅಚ್ಚಿನ ಮೇಲೆ ಅನುಕರಿಸಿ ತೋರಿಸಿದ್ದಾಯಿತು. ಭಾಸ್ಕರನು ಯಂತ್ರಗಳನ್ನು ಎಣಿಸುತ್ತ ಬಂದು ಕೊನೆಗೆ ಎಲ್ಲಕ್ಕೂ ಮಿಗಿಲಾದ ಯಂತ್ರವು ಧೀ, ಎಂದರೆ ಬುದ್ಧಿಯೇ ಎಂದು ಹೇಳಿರುವದು ಪ್ರಸಿದ್ಧವಾಗಿದೆ.

ಇನ್ನು ಯುರೋಪಖಂಡದ ಕಡೆಗೆ ಸ್ವಲ್ಪ ತಿರುಗಬೇಕು. ಏಕೆಂದರೆ ವಿಜಾಪುರ ಸೀಮೆಗೆ ಬಂದ ಯಂತ್ರದ ಹುಟ್ಟು ಅಲ್ಲಿಯದು. ಇಂಗ್ಲಂಡದ ಬಾಥ್ ಎಂಬ ಊರಿನಲ್ಲಿ ಸಂಗೀತವನ್ನು ಕಲಿಸಿ ಜೀವಿಸುತ್ತಿದ್ದ ವಿಲಿಯಂ ಹರ್ಷೆಲ್‌ನು ಕೊಳ್ಳಲು ಹಣವು ಸಾಲದೆ ಲೋಹದ ಕನ್ನಡಿಗಳನ್ನು ಮನೆಯಲ್ಲಿಯೇ ಎರಕಹೊಯ್ದು ತಿಕ್ಕತೊಡಗಿದನು. ಮೆರುಗು ಕೊಡುವಾಗ ಕೈಯನ್ನು ತೆಗೆಯುವಂತಿರಲಿಲ್ಲವಾದುದರಿಂದ ತಂಗಿಯಾದ ಕೆರೊಲೈನಳು ಆತನ ಬಾಯಿಗೆ ತುತ್ತಿಡುತ್ತಿದ್ದಳು. ಹೀಗೆ ಮನೆಯಲ್ಲಿ ಮಾಡಿದ, ಏಳು ಅಡಿ ಉದ್ದದ ದುರ್ಬೀನಿನಿಂದ ಸನ್ 1781ನೆಯ ಮಾರ್ಚ 13ರಂದು ಆತನು ಯುರೇನಸ್ ಗ್ರಹವನ್ನು ಕಂಡುಹಿಡಿದನು. ಆದರೆ ಆತನ ಪೀಠವು ಕಟ್ಟಿಗೆಯ ಸಾದಾ ಪೀಠ. ಗ್ರಹವು ಜಾರಿದಂತೆಲ್ಲ ಕೈಯಿಂದಲೇ ದುರ್ಬೀನನ್ನು ಸರಿಸುತ್ತಿರಬೇಕು. ಕಣ್ಣಿನಿಂದ ನೋಡಿ ಬರೆದಿಡುವದಕ್ಕೆ ಅಷ್ಟು ಸಾಕಾಗುತ್ತಿದ್ದಿತು.

ಸಾಲದೆ ಹೋದುದು ಬೆಳಕನ್ನು ಒಡೆದು ನೋಡುವ ವಿದ್ಯೆಯು ಬಂದ ಮೇಲೆ. ಜರ್ಮನಿಯ ಫ್ರಾನ್‌ಹೋಫರ್‌ನು ಸೂರ್ಯನ ವರ್ಣಪಟದಲ್ಲಿಯ ಕಪ್ಪುಗೆರೆಗಳನ್ನು ಅಳೆದು ಅಕ್ಷರಗಳಿಂದ ಹೆಸರಿಟ್ಟನು. ಅದೇ ಫ್ರಾನ್‌ಹೋಫರ್‌ನು 1824ರಲ್ಲಿ ಡೋರ್ಪಾಟ್ ವೇಧಶಾಲೆಗಾಗಿ ಮಾಡಿಕೊಟ್ಟ ದೊಡ್ಡ ದುರ್ಬೀನಿಗೆ ಧ್ರುವಾಕ್ಷಪೀಠವನ್ನೂ, ಅದನ್ನು ಆಕಾಶದ ವೇಗದಲ್ಲಿ ತಿರುಗಿಸುವ ಗಡಿಯಾರದ ಚಕ್ರಗಳನ್ನೂ ಜೋಡಿಸಿದನು. 1859ರಲ್ಲಿ ಕಿರ್ಖೋಫ್, ಬುನ್ಸೆನ್ ಎಂಬವರು ಒಂದೊಂದು ಮೂಲವಸ್ತುವಿಗೆ ಒಂದೊಂದು ಗೆರೆಗುಂಪು ಇರುವದೆಂದು ತೋರಿಸಿದರು. ಅಂದಿನಿಂದ ಸೂರ್ಯನಲ್ಲಿ ಏನಿದೆಯೆಂದು ಭೂಮಿಯ ಮೇಲೆ ಕುಳಿತೇ ಕೇಳಬಹುದಾಯಿತು. ಆದರೆ ವರ್ಣಪಟವನ್ನು ನೋಡಲು ಬೆಳಕು ಒಂದು ಸೂಕ್ಷ್ಮವಾದ ಸೀಳಿನ ಮೂಲಕ ಹಾಯಬೇಕು. ನೋಡಬೇಕಾದ ಭಾಗವು ಆ ಸೀಳಿನ ಮೇಲೆಯೇ ನಿಂತಿರಬೇಕು.

ಪೂರ್ಣಗ್ರಹಣಕಾಲದಲ್ಲಿ ಸೂರ್ಯನ ಅಂಚಿನಿಂದ ಕೆಂಪು ಜ್ವಾಲೆಗಳು ಎದ್ದು ತೋರುವವು. ಅವು ಚಂದ್ರನವಲ್ಲ, ಸೂರ್ಯನವೇ ಎಂಬುದು 1860ರ ಗ್ರಹಣದ ಛಾಯಾಚಿತ್ರಗಳಿಂದ ಸಿದ್ಧವಾಗಿದ್ದಿತು. ಅವು ಉರಿಯುವ ವಾಯುವೋ, ಬೇರೇನೋ ಎಂಬುದು ಉಳಿದ ಪ್ರಶ್ನೆ. ಒಂದು ಜ್ವಾಲೆಯ ಎತ್ತರವು ಒಂದು ಕಲೆಯೆಂದು ಇಟ್ಟುಕೊಂಡರೆ, ಪೀಠವು ಅಲುಗದೆ ನಿಂತಿದ್ದಾಗ, ಅದು ಸೀಳಿನ ಮೇಲಿಂದ ಒಂದೇ ಪ್ರಾಣಕಾಲದಲ್ಲಿ, ನಾಲ್ಕೇ ಸೆಕೆಂಡುಗಳಲ್ಲಿ ಸರಿದುಹೋಗುವದು. ಆದುದರಿಂದ ಜ್ವಾಲೆಯ ಬೆಳಕನ್ನು ಅಳೆಯಬೇಕೆಂಬವನಿಗೆ ಗಡಿಯಾರದಿಂದ ತಿರುಗುವ ಧ್ರುವಾಕ್ಷಪೀಠವು ಅನಿವಾರ್ಯವಾಯಿತು.

ಇಂಥ ಸಮಯದಲ್ಲಿ ಸನ್ 1868ನೆಯ ಆಗಸ್ಟ 18ರ ಗ್ರಹಣವು ಬಂದಿತು. ಶಾಲಿವಾಹನ ಶಕೆ 1790, ವಿಭವ ಸಂವತ್ಸರದ ಶ್ರಾವಣ ಅಮಾವಾಸ್ಯೆ. ನಮ್ಮ ಕಡೆಯವರು ಹೇಳುವ ಬೆನಕನ ಅಮಾವಾಸ್ಯೆ. ಸಾಲೋಟಗಿಯ ದಾನದ ದಿನದಂತೆ ಅಂದೂ ಮಂಗಳವಾರವೇ. ಚಂದ್ರನ ನೆರಳು ಏಡನ್ನಿನ ಕಡೆಯಿಂದ ಅರಬೀ ಸಮುದ್ರವನ್ನು ದಾಟಿ, ಪಶ್ಚಿಮ ತೀರವನ್ನೇರಿ, ವಿಜಾಪುರ ಸೀಮೆಯನ್ನು ಹಾದು, ಗುಂಟೂರು ಮಚಲಿಪಟ್ಟಣಗಳ ಮೇಲಿಂದ ಪೂರ್ವ ಸಮುದ್ರಕ್ಕೆ ಇಳಿಯಿತು. ಸಯಾಮದ ಕೊಲ್ಲಿಯ ಬಳಿಯಲ್ಲಿ ಪೂರ್ಣತೆಯು ಆರೂಮುಕ್ಕಾಲು ಮಿನಿಟುಗಳವರೆಗೆ ಇದ್ದಿತು. ಇಷ್ಟು ದೀರ್ಘವಾದ ಗ್ರಹಣವು ವಿರಳವಾದುದು. ವಿಜಾಪುರವು ನೆರಳಿನ ದಾರಿಯ ಒಳಭಾಗದಲ್ಲಿದ್ದುದರಿಂದ ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳಗಳಲ್ಲಿಯೂ ಅಂದು ಹಗಲಿನಲ್ಲಿ ಕತ್ತಲೆಯು ಕವಿಯಿತು. ಆಗ ಈ ಭಾಗವು ಕಲಾದಗಿ ಜಿಲ್ಲೆಗೆ ಸೇರಿದ್ದಿತು; ಜಿಲ್ಲೆಯ ಮುಖ್ಯ ಕಚೇರಿಯು ವಿಜಾಪುರಕ್ಕೆ ಬಂದುದು 1885ರಲ್ಲಿ. 2014ರಿಂದ ಊರಿಗೆ ವಿಜಯಪುರವೆಂದು ಅಧಿಕೃತವಾದ ಹೆಸರು.

ಲಂಡನ್ನಿನ ರಾಯಲ್ ಸೊಸೈಟಿಯವರು ಈ ಗ್ರಹಣಕ್ಕಾಗಿ ಯಂತ್ರಗಳನ್ನು ಹಿಂದುಸ್ಥಾನಕ್ಕೆ ಕಳಿಸಿದರು. ಮುಖ್ಯ ಯಂತ್ರವಾದ, ಗಡಿಯಾರದಿಂದ ನಡೆಯುವ ಧ್ರುವಾಕ್ಷಪೀಠದ ದುರ್ಬೀನು ವರ್ಣಪಟದರ್ಶಕದೊಡನೆ ಜಮಖಂಡಿಗೆ ಬಂದಿತು. ಜಮಖಂಡಿಯು ಕೃಷ್ಣೆಯ ಆಚೆಗೆ, ವಿಜಾಪುರದ ನೈರುತ್ಯಕ್ಕಿರುವ ಊರು. ಆಗ ಪಟವರ್ಧನರ ಸಂಸ್ಥಾನದ ರಾಜಧಾನಿ. ಯಂತ್ರವನ್ನು ನಡೆಸಿದವನು ಮಹಾ ತ್ರಿಕೋಣಮಿತಿ ಸರ್ವೆಯ ಅಧಿಕಾರಿಯಾದ ಲೆಫ್ಟಿನೆಂಟ್ ಜಾನ್ ಹರ್ಷೆಲ್‌ನು. ಬಾಥ್ ಊರಿನಲ್ಲಿ ಮನೆಯಲ್ಲಿ ಕನ್ನಡಿ ತಿಕ್ಕಿದ ವಿಲಿಯಂ ಹರ್ಷೆಲ್‌ನ ಮೊಮ್ಮಗನೇ ಈತನು. ಈತನ ತಂದೆಯಾದ ಸರ್ ಜಾನ್ ಹರ್ಷೆಲ್‌ನು ಇಂಗ್ಲಂಡದಲ್ಲಿ ಕಾಣದ ದಕ್ಷಿಣದ ನಕ್ಷತ್ರಗಳನ್ನು ನೋಡಲು ದಕ್ಷಿಣ ಆಫ್ರಿಕೆಯ ಕೇಪಿಗೆ ಹೋಗಿದ್ದಾಗ, 1837ರಲ್ಲಿ, ಅಲ್ಲಿಯೇ ಈತನ ಜನನವಾಯಿತು. ಹರ್ಷೆಲ್‌ನ ಜೊತೆಗಿದ್ದ ಲೆಫ್ಟಿನೆಂಟ್ ಕ್ಯಾಂಪ್‌ಬೆಲ್‌ನು ಸೂರ್ಯನ ಪರಿವೇಷದ ಬೆಳಕನ್ನು ಪರೀಕ್ಷಿಸುವ ಕೆಲಸವನ್ನು ವಹಿಸಿಕೊಂಡನು. ವಿಜಾಪುರದಲ್ಲಿ ಅದೇ ಸರ್ವೆಯ ಕ್ಯಾಪ್ಟನ್ ಹೇಗ್‌ನು ಕ್ಯಾಪ್ಟನ್ ಟ್ಯಾನರ್‌ನೊಡನೆ ನಿಂತನು. ಹೇಗ್‌ನ ಬಳಿಯಲ್ಲಿದ್ದುದು ಕೈಯಲ್ಲಿ ಹಿಡಿದು ನೋಡುವ ಚಿಕ್ಕ ವರ್ಣಪಟದರ್ಶಕ. ಗುಂಟೂರಿನಲ್ಲಿ ಮೇಜರ್ ಟೆನೆಂಟ್‌ನೂ, ಫ್ರಾನ್ಸದ ಜಾನ್ಸೆನ್‌ನೂ, ಮಚಲಿಪಟ್ಟಣದಲ್ಲಿ ಮದ್ರಾಸ ವೇಧಶಾಲೆಯ ಪೋಗ್ಸನ್‌ನೂ ಸಿದ್ಧರಾಗಿದ್ದರು.

ಶ್ರಾವಣವೆಂದರೆ ಮಳೆಗಾಲ. ಯಂತ್ರವು ಎಷ್ಟು ಚೊಕ್ಕಟವಾಗಿದ್ದರೂ ಮೋಡಕ್ಕೆ ಮದ್ದಿಲ್ಲ. ಜಮಖಂಡಿಯಲ್ಲಿ ಪೂರ್ಣತೆಯ ಬಹುಭಾಗವನ್ನು ಮೋಡಗಳು ನುಂಗಿದವು. ಮೋಡದ ಸಂದಿಯಲ್ಲಿ ದೊರೆತ ಅಲ್ಪಕಾಲದಲ್ಲಿ ಹರ್ಷೆಲ್‌ನು ಜ್ವಾಲೆಯನ್ನು ಸೀಳಿನ ಮೇಲೆ ಹಿಡಿದು ನೋಡಿದನು. ಎಲ್ಲ ಬಣ್ಣಗಳೂ ಬೆರೆತ ಪಟ್ಟಿಯಲ್ಲ. ಕೆಂಪು, ಕಿತ್ತಳೆ, ನೀಲಿ ಎಂದು ಮೂರು ಪ್ರತ್ಯೇಕವಾದ ಹೊಳೆಯುವ ಗೆರೆಗಳು! ಇಷ್ಟರಿಂದ ಜ್ವಾಲೆಯು ಕಾಯ್ದ ವಾಯುವೆಂಬುದು ನಿರ್ಣಯವಾಯಿತು; ಏಕೆಂದರೆ ಬಿಡಿಗೆರೆಗಳನ್ನು ಕೊಡುವದು ವಾಯುವೇ. ಅತ್ತ ವಿಜಾಪುರದಲ್ಲಿ ಹೇಗ್‌ನಿಗೆ ಬರಿಯ ಕೈಯಂತ್ರದಲ್ಲಿಯೇ ಎರಡು ಜ್ವಾಲೆಗಳ ವರ್ಣಪಟವು ಕಂಡಿತು: ಗುಲಾಬಿಗೆಂಪಿನ ಒಂದು ಅಗಲವಾದ ಪಟ್ಟೆ, ತಿಳಿಬಂಗಾರದ ಬಣ್ಣದ ಇನ್ನೊಂದು ಪಟ್ಟೆ. ಹೀಗೆ ಒಂದೇ ಮುಂಜಾವಿನಲ್ಲಿ, ಕೃಷ್ಣೆಯ ಎರಡು ದಂಡೆಗಳ ಮೇಲೆ, ಗಡಿಯಾರದ ಯಂತ್ರವೂ ಕೈಯ ಯಂತ್ರವೂ ಒಂದೇ ಮಾತನ್ನು ನುಡಿದವು.

ಆದರೆ ಅಳತೆಯ ವಿಷಯದಲ್ಲಿ ಮಾತು ಬೇರೆ. ಹೇಗ್‌ನ ಯಂತ್ರವು ಬಣ್ಣವನ್ನು ತೋರಿಸಬಲ್ಲುದು, ಗೆರೆಯ ಸ್ಥಾನವನ್ನು ಅಳೆಯಲಾರದು. ಹರ್ಷೆಲ್‌ನ ಯಂತ್ರವು ಅಳೆಯಬಲ್ಲುದು, ಆದರೆ ಕಾಲವು ಸಾಲಲಿಲ್ಲ. ಆತನು ಕಿತ್ತಳೆ ಗೆರೆಯನ್ನು ಅಳೆದು, ಅದು ಫ್ರಾನ್‌ಹೋಫರ್‌ನು 'ಡಿ' ಎಂದು ಕರೆದ ಸೋಡಿಯಂ ಗೆರೆಯೇ ಎಂದು ತಿಳಿದನು. ಅಂದು ನೋಡಿದ ಹೆಚ್ಚಿನವರು ತಿಳಿದುದೂ ಹಾಗೆಯೇ. ನಿಜವಾಗಿ ಅದು ಸೋಡಿಯಮ್ಮಿನದಲ್ಲ. ಸೋಡಿಯಮ್ಮಿನ ಜೋಡುಗೆರೆಗಳು ಇರುವದು 589.0 ಮತ್ತು 589.6 ನ್ಯಾನೋಮೀಟರುಗಳಲ್ಲಿ, ಜ್ವಾಲೆಯ ಗೆರೆಯು 587.6ರಲ್ಲಿ. ಅಂತರವು ಕೂದಲೆಳೆಯಷ್ಟು. ಅದನ್ನು ಕಾಣಲು ಬೇಕಾದುದು ಮೋಡಗಳ ನಡುವಿನ ಕೆಲವು ಉಸಿರುಗಳಲ್ಲ, ತಾಸುಗಟ್ಟಲೆ ಕಾಲ.

ಆ ಕಾಲವನ್ನು ದೊರಕಿಸಿಕೊಟ್ಟವನು ಗುಂಟೂರಿನ ಜಾನ್ಸೆನ್‌ನು. ಜ್ವಾಲೆಯ ಗೆರೆಗಳು ಅಷ್ಟು ಪ್ರಕಾಶವಾಗಿದ್ದುದನ್ನು ಕಂಡು, ಗ್ರಹಣವಿಲ್ಲದಾಗಲೂ ಇವನ್ನು ನೋಡಬಹುದಲ್ಲವೇ ಎಂದು ಆತನಿಗೆ ಹೊಳೆಯಿತು. ಮರುದಿನವೇ ಸೂರ್ಯನ ಅಂಚಿನ ಮೇಲೆ ಸೀಳನ್ನು ನಿಲ್ಲಿಸಿ ನೋಡಿದನು, ಗೆರೆಗಳು ಅಲ್ಲಿದ್ದವು. ಇಂಗ್ಲಂಡದಲ್ಲಿ ಲಾಕಿಯರ್‌ನು ಇದೇ ಯುಕ್ತಿಯನ್ನು ಸ್ವತಂತ್ರವಾಗಿ ಯೋಚಿಸಿದ್ದು, ಅಕ್ಟೋಬರ 20ರಂದು ಅದರಲ್ಲಿ ಸಫಲನಾದನು. ಇಬ್ಬರ ವಾರ್ತೆಗಳೂ ಅಕ್ಟೋಬರ 26ರಂದು ಒಂದೇ ಸಭೆಯಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಬಂದವು. ಗ್ರಹಣದ ಐದಾರು ಮಿನಿಟುಗಳು ಹೋಗಿ ದಿನವೆಲ್ಲವೂ ಕೈಗೆ ಬಂದುದರಿಂದ ಲಾಕಿಯರ್‌ನು ಹಳದಿ ಗೆರೆಯನ್ನು ಪುನಃ ಪುನಃ ಅಳೆದು, ಅದು ಸೋಡಿಯಮ್ಮಿನ ಗೆರೆಗಳಿಂದ ಬೇರೆಯೆಂದು ಸಿದ್ಧಪಡಿಸಿದನು. ಭೂಮಿಯ ಮೇಲೆ ಕಾಣದ ಆ ವಸ್ತುವಿಗೆ ಗ್ರೀಕರ ಸೂರ್ಯನಾಮದಿಂದ ಹೀಲಿಯಂ ಎಂದು ಹೆಸರಾಯಿತು. 27 ವರ್ಷಗಳ ತರುವಾಯ, 1895ರಲ್ಲಿ, ರಾಮ್ಸೆ ಎಂಬ ರಸಾಯನಶಾಸ್ತ್ರಜ್ಞನು ಅದನ್ನು ಕ್ಲೀವೈಟ್ ಎಂಬ ಖನಿಜದಿಂದ ಹೊರತೆಗೆದನು. ವಿಜಾಪುರದಲ್ಲಿ ಹೇಗ್‌ನು ಕಂಡ ತಿಳಿಬಂಗಾರದ ಪಟ್ಟೆಯು ಈ ವಸ್ತುವಿನ ಬೆಳಕಾಗಿದ್ದಿತು.

ಇಡಿಯ ವೃತ್ತಾಂತದಿಂದ ತಿಳಿಯುವದಿಷ್ಟು: ಆಕಾಶವನ್ನು ಹಿಂಬಾಲಿಸುವ ಪೀಠವು ಮಾಡುವ ಕೆಲಸವೆಂದರೆ ನೋಡುವವನಿಗೆ ಕಾಲವನ್ನು ಗಳಿಸಿಕೊಡುವದು. ಹಾದುಹೋಗುವದನ್ನು ಕಂಡೆನೆಂಬುದಕ್ಕೂ ನಿಲ್ಲಿಸಿ ಅಳೆದೆನೆಂಬುದಕ್ಕೂ ಇರುವ ವ್ಯತ್ಯಾಸವು ಅಲ್ಲಿದೆ. 1868ರಲ್ಲಿ ಇಲ್ಲಿ ಗುಡಾರ ಹಾಕಿದವರು ಪರದೇಶದ ಸೈನ್ಯಾಧಿಕಾರಿಗಳು. ಮೂವತ್ತು ವರ್ಷಗಳ ತರುವಾಯ, 1898ನೆಯ ಜನವರಿ 22ರ ಪೂರ್ಣಗ್ರಹಣದಲ್ಲಿ, ನೆರೆಯ ಸೊಲ್ಲಾಪುರ ಜಿಲ್ಲೆಯ ಜೇಊರಿನಲ್ಲಿ ಪುಣೆಯ ವಿಜ್ಞಾನ ಕಾಲೇಜಿನ ನಯಗಾಂವಾಲಾ ಎಂಬ ಭಾರತೀಯರು ತಮ್ಮ ಯಂತ್ರಗಳೊಡನೆ ನಿಂತರು. 1980ನೆಯ ಫೆಬ್ರವರಿ 16ರ ಗ್ರಹಣಕ್ಕೆ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಭಾರತೀಯ ಖಭೌತ ಸಂಸ್ಥೆಯವರ ಶಿಬಿರವು ನೆಲೆಗೊಂಡಿತು. ಯಂತ್ರಗಳು ಕ್ರಮೇಣ ಈ ದೇಶದವರ ಕೈಗೆ ಬಂದವು. ಉಳಿದುದು ಅವು ಮನೆಗೆ ಬರುವದು.

ಅದಕ್ಕೂ ದಾರಿಯಾಗಿದೆ. 1975ರಲ್ಲಿ ಸ್ಕಾಟ್ಲಂಡಿನ ಹವ್ಯಾಸಿಯಾದ ಜಿ. ವೈ. ಹೇಗ್ ಎಂಬವರು ಅತ್ಯಂತ ಸುಲಭವಾದ ಒಂದು ಧ್ರುವಾಕ್ಷಪೀಠವನ್ನು ಪ್ರಕಟಿಸಿದರು. ವಿಜಾಪುರದ ಕ್ಯಾಪ್ಟನ್ನನಿಗೂ ಇವರಿಗೂ ಇರುವದು ಹೆಸರಿನ ಸಾಮ್ಯವಷ್ಟೇ. ಎರಡು ಹಲಗೆಗಳನ್ನು ಒಂದಂಚಿನಲ್ಲಿ ಬಿಜಾಗರಿಯಿಂದ ಕೂಡಿಸಬೇಕು. ಬಿಜಾಗರಿಯ ಕಡ್ಡಿಯೇ ಧ್ರುವಾಕ್ಷ. ಕೆಳಹಲಗೆಯ ಮೂಲಕ ಒಂದು ತಿರುಪುಮೊಳೆಯನ್ನು ಏರಿಸಿ ಮೇಲ್ಹಲಗೆಯನ್ನು ಮೆಲ್ಲನೆ ಎತ್ತಬೇಕು. ತಿರುಪಿನ ಎಳೆಗಳ ಅಂತರವು 1 ಮಿಲಿಮೀಟರು ಇದ್ದರೆ, ಅದನ್ನು ಬಿಜಾಗರಿಯಿಂದ ಸುಮಾರು 228.5 ಮಿಲಿಮೀಟರು ದೂರದಲ್ಲಿ ನಿಲ್ಲಿಸಿ ಮಿನಿಟಿಗೆ ಒಂದು ಸುತ್ತಿನಂತೆ ತಿರುಗಿಸಿದಾಗ ಹಲಗೆಯು ಆಕಾಶದ ವೇಗದಿಂದಲೇ ಏಳುವದು. ಗಡಿಯಾರವನ್ನು ನೋಡುತ್ತ 15 ಸೆಕೆಂಡಿಗೊಮ್ಮೆ ಕಾಲುಸುತ್ತು ತಿರುಗಿಸಿದರೂ ಸಾಕು. ಸಣ್ಣ ಕ್ಯಾಮೆರಾದಿಂದ ಹತ್ತು ಹದಿನೈದು ಮಿನಿಟುಗಳವರೆಗೆ ನಕ್ಷತ್ರಗಳು ಗೆರೆಯಾಗದೆ ಚುಕ್ಕೆಗಳಾಗಿಯೇ ಮೂಡುವವು. ಬಳಿಕ ತಿರುಪು ನೇರವಾಗಿದ್ದು ಹಲಗೆಯು ಕಮಾನಿನಲ್ಲಿ ಏಳುವದರಿಂದ ತಪ್ಪು ಕೂಡುತ್ತ ಹೋಗುವದು. ಇದಾದ ಎರಡು ವರ್ಷಗಳಲ್ಲಿ ಫ್ರಾನ್ಸದ ಪೋನ್ಸೆ ಎಂಬವರು ಸಾದಾ ಪೀಠದ ದುರ್ಬೀನನ್ನು ಹಾಗೆಯೇ ಮೇಲಿಟ್ಟು ಆಕಾಶದೊಡನೆ ಓಲಿಸುವ ಮಣೆಯೊಂದನ್ನು ಯೋಜಿಸಿದರು. ಇದೇ ದಶಕದಲ್ಲಿ ರಶಿಯದ 6 ಮೀಟರಿನ ಮಹಾದುರ್ಬೀನು ಗಣಕಯಂತ್ರದ ಸಹಾಯದಿಂದ ಎರಡು ಚಲನಗಳ ಸಾದಾ ಪೀಠಕ್ಕೆ ಮರಳಿತು. ಆದರೆ ಗಣಕವಿಲ್ಲದ ಮನೆಯ ಯಂತ್ರಕ್ಕೆ ಓರೆಯಾದ ಅಚ್ಚಿನಷ್ಟು ಅಗ್ಗವಾದ ಉಪಾಯವಿಲ್ಲ.

ಹೀಗೆ ಪರದೇಶದಲ್ಲಿ ಹುಟ್ಟಿದ ನಕ್ಷೆಗಳನ್ನು ಇದ್ದಕ್ಕಿದ್ದಂತೆ ಇಲ್ಲಿ ನಕಲು ಮಾಡುವದು ತಪ್ಪು. ಗ್ಲಾಸ್ಗೋ ನಗರದ ಅಕ್ಷಾಂಶವು ಸುಮಾರು 56 ಅಂಶ. ಅಲ್ಲಿ ಒಂದು ಮೀಟರು ತಳದ ಮೇಲೆ ಅಚ್ಚನ್ನು ಒಂದೂವರೆ ಮೀಟರಿನಷ್ಟು ಎತ್ತಬೇಕು. ಇಂಡಿಯ ಅಕ್ಷಾಂಶವು ಸುಮಾರು 17 ಅಂಶ 10 ಕಲೆ, ಸಿಂದಗಿಯದು 16 ಅಂಶ 55 ಕಲೆ, ಬಸವನ ಬಾಗೇವಾಡಿಯದು 16 ಅಂಶ 35 ಕಲೆ, ಮುದ್ದೇಬಿಹಾಳದ್ದು 16 ಅಂಶ 20 ಕಲೆ. ಆದುದರಿಂದ ಅದೇ ಒಂದು ಮೀಟರು ತಳಕ್ಕೆ ಇಂಡಿಯಲ್ಲಿ 31 ಸೆಂಟಿಮೀಟರು, ಸಿಂದಗಿಯಲ್ಲಿ ಮೂವತ್ತೂವರೆಗೆ ತುಸು ಕಡಿಮೆ, ಬಾಗೇವಾಡಿಯಲ್ಲಿ ಮೂವತ್ತಕ್ಕೆ ತುಸು ಕಡಿಮೆ, ಮುದ್ದೇಬಿಹಾಳದಲ್ಲಿ 29ಕ್ಕೆ ತುಸು ಹೆಚ್ಚು ಎತ್ತರವು ಸಾಕು. ಪೋನ್ಸೆಯ ಮಣೆಯಂತೂ ಇಲ್ಲಿಗೆ ಒಗ್ಗುವದು ಕಠಿಣ. ಪ್ಯಾರಿಸ್ಸಿನಲ್ಲಿ ಅದರ ಜಾರುಪಾಟಿಯು ನೆಲಕ್ಕೆ 41 ಅಂಶ ಓರೆಯಾಗಿದ್ದರೆ ಇಂಡಿಯಲ್ಲಿ 73 ಅಂಶ; ಎಂದರೆ ಬಹುಮಟ್ಟಿಗೆ ಗೋಡೆಯಂತೆ ನಿಲ್ಲುವದು, ಮೇಲಿನ ಭಾರವು ಜಾರತೊಡಗುವದು.

ಈ ನೆಲಕ್ಕೆ ಹೆಚ್ಚು ಯೋಗ್ಯವಾದುದು ಎರಡೂ ತುದಿಗಳಲ್ಲಿ ಆಧಾರವುಳ್ಳ ಚೌಕಟ್ಟಿನ ಪದ್ಧತಿ. ಇಲ್ಲಿ ಧ್ರುವಾಕ್ಷವು ಹೆಚ್ಚುಕಡಿಮೆ ಮಲಗಿಯೇ ಇರುವದು. ಆದುದರಿಂದ ಎರಡು ಗಟ್ಟಿಯಾದ ಕಂಬಗಳ ಮೇಲೆ, ಬಾವಿಯ ರಾಟೆಯ ಅಚ್ಚಿನಂತೆ, ಉತ್ತರದ ತುದಿಯನ್ನು ಸ್ವಲ್ಪ ಎತ್ತಿ ಚೌಕಟ್ಟನ್ನು ಹಾಯಿಸಿ, ಅದರ ನಡುವೆ ದುರ್ಬೀನನ್ನು ತೂಗಿಬಿಟ್ಟರೆ ಭಾರವು ಎರಡೂ ಕಂಬಗಳಿಗೆ ಹಂಚಿಹೋಗುವದು. ಬಂಡಿಯ ಅಚ್ಚನ್ನು ಕೂಡಿಸಬಲ್ಲ ಬಡಿಗನಿಗೆ ಇದು ಕಠಿಣವಾದ ಕೆಲಸವಲ್ಲ. ಈ ಪದ್ಧತಿಗೆ ಒಂದು ದೋಷವುಂಟು: ಉತ್ತರದ ಕಂಬವು ಧ್ರುವದ ಸಮೀಪದ ಆಕಾಶವನ್ನು ಮರೆಮಾಡುವದು. ಅಮೇರಿಕೆಯ ಮೌಂಟ್ ವಿಲ್ಸನ್ ಪರ್ವತದ 100 ಅಂಗುಲದ ದುರ್ಬೀನಿಗೂ, ಅದು 1917ರಲ್ಲಿ ಕಟ್ಟಲ್ಪಟ್ಟಂದಿನಿಂದಲೂ, ಈ ದೋಷವಿದೆ. ಆದರೆ ನಮ್ಮ ಕಡೆಯಲ್ಲಿ ಆ ಭಾಗವು ದಿಗಂತದ ಧೂಳಿನಲ್ಲಿಯೇ ಮುಳುಗಿರುವದರಿಂದ ಹೆಚ್ಚಿನ ಹಾನಿಯಿಲ್ಲ. ಇದಕ್ಕೆ ಪ್ರತಿಯಾಗಿ ದಕ್ಷಿಣದ ಆಕಾಶವು ಇಲ್ಲಿ ಧಾರಾಳವಾಗಿ ತೆರೆದಿದೆ. ಅಗಸ್ತ್ಯನು ಇಪ್ಪತ್ತು ಅಂಶ ಮೇಲೇರುವನು. ಹರ್ಷೆಲ್ ಮನೆತನದವರು ಸಮುದ್ರಯಾನ ಮಾಡಿ ನೋಡಬೇಕಾದ ತಾರೆಗಳಲ್ಲಿ ಎಷ್ಟೋ ಈ ಎರೆಹೊಲಗಳ ಅಂಚಿನಲ್ಲಿಯೇ ಮೂಡುವವು.

ಉಳಿದುದು ಉತ್ತರದಿಕ್ಕನ್ನು ಸರಿಯಾಗಿ ಹಿಡಿಯುವದು. ಧ್ರುವನಕ್ಷತ್ರವು ಇಲ್ಲಿ ಹದಿನೇಳು ಅಂಶದಷ್ಟೇ ಎತ್ತರದಲ್ಲಿದ್ದು ಗಿಡಮರಗಳ ಮರೆಗೆ ಹೋಗುವದುಂಟು. ಅಲ್ಲದೆ ಅದು ನಿಜವಾದ ಧ್ರುವಬಿಂದುವಿನಿಂದ 40 ಕಲೆಗಳ ಸಮೀಪದಷ್ಟು ದೂರದಲ್ಲಿದೆ. ಅದಕ್ಕೆ ಶಂಕುವಿನ ಹಳೆಯ ವಿಧಾನವೇ ಒಳ್ಳೆಯದು. ಸಮನಾದ ನೆಲದ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದರ ಬುಡವನ್ನು ಕೇಂದ್ರವಾಗಿಟ್ಟು ಒಂದು ವೃತ್ತವನ್ನು ಎಳೆಯಬೇಕು. ಮುಂಜಾನೆ ನೆರಳಿನ ತುದಿಯು ವೃತ್ತದೊಳಗೆ ಹೊಗುವಲ್ಲಿ ಒಂದು ಗುರುತು, ಮಧ್ಯಾಹ್ನದ ಮೇಲೆ ಹೊರಬೀಳುವಲ್ಲಿ ಇನ್ನೊಂದು ಗುರುತು. ಎರಡನ್ನೂ ಕೂಡಿಸಿದ ಗೆರೆಯು ಪೂರ್ವಪಶ್ಚಿಮ. ಅದಕ್ಕೆ ಲಂಬವಾದುದು ದಕ್ಷಿಣೋತ್ತರ. ನಮ್ಮ ಸಿದ್ಧಾಂತಗ್ರಂಥಗಳಲ್ಲಿ ಬಂದಿರುವ ಈ ಉಪಾಯಕ್ಕೆ ಒಂದು ಕೋಲು, ಒಂದು ದಾರ, ಒಂದು ಬಿಸಿಲಿನ ದಿನ ಇಷ್ಟೇ ಸಾಮಗ್ರಿ.

ಸಾಲೋಟಗಿಯಲ್ಲಿ ಒಂದು ಗ್ರಹಣದ ದಿನ ಊರವರು ತಮ್ಮ ಮನೆಯ ಮಂಗಲಕಾರ್ಯಗಳಿಂದ ಒಂದಿಷ್ಟು ತೆಗೆದು ಶಾಲೆಯನ್ನು ನಡೆಸುವ ಕಟ್ಟಳೆಯನ್ನು ಕಲ್ಲಿನಲ್ಲಿ ಬರೆಯಿಸಿದರು. 923 ವರ್ಷಗಳಾದ ಮೇಲೆ ಅದೇ ನೆಲದ ಮೇಲೆ ಬಿದ್ದ ಇನ್ನೊಂದು ಗ್ರಹಣದ ನೆರಳಿನಲ್ಲಿ ಸೂರ್ಯನ ಹೊಸ ವಸ್ತುವಿನ ಬೆಳಕು ಕಂಡಿತು. ಕಂಡವರು ಕಂಡು ಹೋದರು. ಎರಡು ಹಲಗೆ, ಒಂದು ಬಿಜಾಗರಿ, ಒಂದು ತಿರುಪು ಕೂಡಿಸುವ ಖರ್ಚು ಇಂದು ಯಾವ ಹಳ್ಳಿಯ ಶಾಲೆಗೂ ಹೆಚ್ಚಿನದಲ್ಲ. ಇಂಡಿಯ ಹುಡುಗನು ತನ್ನ ಪೀಠಕ್ಕೆ ಹದಿನೇಳು ಅಂಶ ಹತ್ತು ಕಲೆಯ ಓಟವನ್ನು ಕೊಟ್ಟು, ಮುದ್ದೇಬಿಹಾಳದ ಹುಡುಗಿಯು ತನ್ನದಕ್ಕೆ ಐವತ್ತು ಕಲೆ ಕಡಿಮೆ ಮಾಡಿ, ಇಬ್ಬರೂ ಒಂದೇ ರಾತ್ರಿ ಕೃತ್ತಿಕೆಯನ್ನು ಹತ್ತು ಮಿನಿಟು ಹಿಡಿದು ನಿಲ್ಲಿಸಿದರೆಂದರೆ, ಭಾಸ್ಕರನು ಕಡೆಯಲ್ಲಿ ಎಣಿಸಿದ ಯಂತ್ರವು ಈ ಸೀಮೆಯಲ್ಲಿ ನಡೆಯುತ್ತಿರುವದೆಂದು ತಿಳಿಯಬೇಕು.